ಕೇಳುವ ಮೈಕು

ರಾತ್ರಿ ಒಂದೂವರೆಗೆ ನಮ್ಮ ನಡುಮನೆಯಿಂದ ‘ಬುಟ್’ ಎಂಬ ಸಣ್ಣ ಸಪ್ಪಳ ಬಂತು.

ಸಪ್ಪಳಗಳ ವಿಷಯದಲ್ಲಿ ನಾನು ಬಹಳ ಎಚ್ಚರದವಳು. ಹಲ್ಲಿಯ ಲೊಚಲೊಚ, ನಲ್ಲಿಯ ಹನಿ, ಗ್ಯಾಸ್ ಸಿಲಿಂಡರಿನ ಸುಯ್ ಇವನ್ನೆಲ್ಲ ನಿದ್ದೆಗಣ್ಣಿನಲ್ಲೇ ಬೇರೆ ಬೇರೆ ಗುರುತಿಸಬಲ್ಲೆ. ‘ಬುಟ್’ ನನ್ನ ಪಟ್ಟಿಯಲ್ಲಿ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ‘ಬುಟ್’ ಆಯಿತು. ಆಮೇಲೆ ಸ್ಪಷ್ಟವಾಗಿ ‘ಬುಟ್ಟಿ’ ಎಂದಿತು. ಹಾವು ಬುಟ್ಟಿ ಅನ್ನುವುದಿಲ್ಲ, ಕಳ್ಳ ಅನ್ನಬಹುದು. ಗಂಡನನ್ನು ಎಬ್ಬಿಸೋಣವೆಂದು ಪಕ್ಕಕ್ಕೆ ಕೈ ಚಾಚಿದರೆ ಹಾಸಿಗೆ ಖಾಲಿ.

ನಡುಮನೆಯ ದೀಪ ಹಾಕಿದೆ. ಹಳೆಯ ಸೀರೆಗಳನ್ನು ಸೇರಿಸಿ ಅತ್ತೆ ಹೊಲಿದ ಕೌದಿಯೊಂದು ಕುರ್ಚಿಯ ಮೇಲೆ ಗುಡಿಸಲಿನ ಹಾಗೆ ನಿಂತಿತ್ತು. ಎತ್ತಿ ನೋಡಿದರೆ ಒಳಗೆ ನಮ್ಮವರು. ಮಡಿಲಲ್ಲಿ ಗಿಟಾರು, ಮೂಗಿನೆದುರು ಕರಿಯ ಮೈಕು, ಮೈತುಂಬ ಬೆವರು.

“ಏನ್ ಮಾಡಾಕತ್ತೀರಿ?”

“ಶ್! ‘ಬ’ ಒಡ್ಯಾಕತ್ತದ.”

“ಏನು ಒಡ್ಯಾಕತ್ತದ?”

“ಬುಟ್ಟಿಯೊಳಗಿನ ‘ಬ’. ಬಾಯಾಗಿನ ಗಾಳಿ ಮೈಕಿಗಿ ಬಡದು ಪಟಾಕಿ ಹಾರಿಸಿದಂಗ ಆಗ್ತದ. ಕೇಳಿಲ್ಲಿ.” ನನ್ನ ಕಿವಿಗೆ ಹೆಡ್‌ಫೋನ್ ಹಾಕಿದರು. ನಿಜ. ಬುಟ್ಟಿ ಎಂಬ ನಿರುಪದ್ರವಿ ಪದ ತಗಡಿನ ಮೇಲೆ ತೆಂಗಿನಕಾಯಿ ಬಿದ್ದ ಹಾಗೆ ಕೇಳಿಸಿತು.

ಇದಕ್ಕೊಂದು ಹಿನ್ನೆಲೆಯುಂಟು. ನಮ್ಮವರ ಹೆಸರು ಪರಮಣ್ಣ. ಸುರಪುರದಲ್ಲಿ ನಗರಸಭೆಯ ಗುಮಾಸ್ತರು. ಹುಟ್ಟಿದವರ, ಸತ್ತವರ ದಾಖಲೆ ಬರೆಯುತ್ತಾರೆ. ಮೂರು ವರ್ಷದ ಹಿಂದೆ ಸಾಹೇಬರೊಬ್ಬರ ನಿವೃತ್ತಿ ಸಮಾರಂಭದಲ್ಲಿ ಹಾಡುತ್ತೇನೆಂದು ವೇದಿಕೆ ಹತ್ತಿದರು. ಎದುರಿಗೆ ಮುನ್ನೂರು ಮುಖ ಕಂಡದ್ದೇ ದನಿ ಹೋಯಿತು. ಬಾಯಿ ಮಾತ್ರ ಒಂದು ಪೂರ್ತಿ ಪಲ್ಲವಿಯಷ್ಟು ತೆರೆದು ಮುಚ್ಚಿತು. ವೈರು ಕಿತ್ತಿರಬೇಕೆಂದು ಮೈಕ್ ಸೆಟ್ಟಿನವನು ವೇದಿಕೆಯ ಕೆಳಗೆ ತೂರಿಕೊಂಡ. ಅಂದಿನಿಂದ ಕಚೇರಿಯಲ್ಲಿ ಇವರು ‘ಮ್ಯೂಟ್ ಪರಮಣ್ಣ’.

ಈ ವರ್ಷ ಯಾದಗಿರಿಯಿಂದ ಒಂದು ಸುತ್ತೋಲೆ ಬಂತು. ಯಾದಗಿರಿ, ಶಹಾಪುರ, ಸುರಪುರ ಮೂರೂ ಊರಿನ ಕಸದ ಗಾಡಿಗಳಿಗೆ ಒಂದೇ ಹೊಸ ಹಾಡು ಬೇಕಾಗಿದೆ. ನೌಕರರು ತಾವೇ ಬರೆದು ಹಾಡಿ, ಮನೆಯಲ್ಲೇ ರೆಕಾರ್ಡ್ ಮಾಡಿ, ಸೋಮವಾರ ಮಧ್ಯಾಹ್ನದೊಳಗೆ ತಂದುಕೊಡಬಹುದು. ನಮ್ಮವರು ಚಹಾದ ಹೊತ್ತಿಗೆ ಎದ್ದು ನಿಂತು, “ಈ ಸರ್ತಿ ನನ್ನ ದನಿ ಊರಿನ ಪ್ರತಿ ಬಾಗಲಿಗಿ ಬರ್ತದ” ಎಂದು ಘೋಷಿಸಿದರು.

“ಬರಲಿ ಬಿಡ್ರಿ” ಎಂದರಂತೆ ಹೆಲ್ತ್ ಇನ್ಸ್‌ಪೆಕ್ಟರ್ ಅಂಬರೀಶ. “ಸಪ್ಪಳಂತೂ ಆಗಂಗಿಲ್ಲ, ಮಲಗಿದವ್ರಿಗಿ ತ್ರಾಸಿಲ್ಲ.”

ಕಚೇರಿ ನಕ್ಕಿತು. ನಮ್ಮವರು ಮನೆಗೆ ಬಂದು ಗುರುಮಠಕಲ್ಲಿಗೆ ವರ್ಗಾವಣೆ ಕೇಳಿ ಅರ್ಜಿ ಬರೆದು, ಗಿಟಾರಿನ ಚೀಲದಲ್ಲಿಟ್ಟರು. “ಹಾಡು ಆರಿಸಲಿಲ್ಲಂದ್ರ ಇದನ್ನ ಕೊಟ್ಟುಬಿಡಾಂವ. ಅಲ್ಲಿ ನನ್ನ ಯಾರೂ ಅರಿಯರು.”

ಈ ಓಣಿಯ ಸಪ್ಪಳಗಳನ್ನೆಲ್ಲ ಬಾಯಿಪಾಠ ಮಾಡಲು ನನಗೆ ಹನ್ನೊಂದು ವರ್ಷ ಹಿಡಿದಿದೆ. ಹೊಸ ಊರಿನಲ್ಲಿ ಮತ್ತೆ ಮೊದಲ ಹಲ್ಲಿಯಿಂದ ಶುರುಮಾಡಬೇಕು. ಆದ್ದರಿಂದ ಕಸದ ಗಾಡಿಯ ಹಾಡು ಗೆಲ್ಲಲೇಬೇಕೆಂದು ನಾನೂ ಸೆರಗು ಕಟ್ಟಿದೆ.

ಗಿಟಾರು, ಮೈಕು ಎರಡನ್ನೂ ಕೊಟ್ಟವನು ಶಹಾಪುರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಆಸೀಫ್. ಹಳೆಯವೇ, ಆದರೆ ವಿದ್ಯೆಯನ್ನೂ ಜೊತೆಗೆ ಕೊಟ್ಟ. ಭಾನುವಾರ ಬಂದು ನಮ್ಮ ನಡುಮನೆಯಲ್ಲಿ ಪಾಠ ಹೇಳಿದ.

“ನೋಡ್ರಿ ಭಾಬಿ, ಗಿಟಾರದ ತೂತಿನ ಮುಂದ ಮೈಕ ಇಟ್ರ ಕೊಡದಾಗ ಬಾಯಿ ಹಾಕಿ ಹಾಡಿದಂಗ ಗುಂ ಅಂತದ. ಕುತ್ತಿಗಿ ಬಂದು ಹೊಟ್ಟಿಗಿ ಕೂಡ್ತದಲ್ಲ, ಆ ಕಡಿಗಿ ಮಾರಿ ಮಾಡ್ರಿ. ಒಂದು ಗೇಣು ದೂರ. ಇರಾದು ಒಂದೇ ಮೈಕು, ಅದಕ್ಕ ಬಾಯಿ, ಗಿಟಾರು ಎರಡಕ್ಕೂ ನಡುವಿನ ಜಾಗ ಹುಡಕಬೇಕು. ಹೆಂಗಂದ್ರ, ಒಬ್ಬರು ಒಂದು ಕಿವಿ ಮುಚ್ಕೊಂಡು, ಇನ್ನೊಂದು ಕಿವಿನ ಅಲ್ಲಿ ಇಲ್ಲಿ ಸರಿಸಿ ನೋಡ್ರಿ. ಎಲ್ಲಿ ಚಂದ ಕೇಳ್ತದ, ಅಲ್ಲೇ ಮೈಕಿನ ಮನಿ.”

“ಮತ್ತ ಒಡಿಯೋ ‘ಬ’?” ಎಂದೆ.

“ನಡುವ ತೆಳ್ಳನ್ನ ಬಟ್ಟಿ ಕಟ್ರಿ. ಗಾಳಿ ಅಲ್ಲೇ ನಿಲ್ತದ, ದನಿ ಅಷ್ಟೇ ದಾಟ್ತದ.” ಆಮೇಲೆ ಮೈಕಿನ ಮೈಮೇಲಿದ್ದ ಹೃದಯದಂಥ ಸಣ್ಣ ಗುರುತು ತೋರಿಸಿದ. “ಇದು ಮುಖ್ಯ. ದಿಲ್ ಇರೋ ಕಡಿಗಿ ಇದಕ್ಕ ಕಿವಿ. ಬೆನ್ನಿನ ಕಡಿಗಿ ಕಿವುಡು. ದಿಲ್ ಯಾವತ್ತೂ ಅಣ್ಣನ ಕಡಿಗೇ ಇರಬೇಕು.”

“ಇಷ್ಟ್ ವರ್ಷ ಇದ್ದಂಗ” ಎಂದು ನಮ್ಮವರು ನನ್ನತ್ತ ನೋಡಿದರು. ನಾನು ಜರಡಿ ತರಲು ಒಳಗೆ ಹೋದೆ.

ಹಿಟ್ಟಿನ ಜರಡಿಯ ಬಲೆ ತೆಗೆದು, ಅದರ ಬಳೆಗೆ ಹಳೆಯ ಓಢಣಿ ಬಿಗಿದೆ. ಮನೆಯ ಕೌದಿಗಳನ್ನೆಲ್ಲ ಮೂರು ಕಡೆ ಹಗ್ಗಕ್ಕೆ ನೇತುಹಾಕಿದೆವು. ಅಡುಗೆಮನೆಯ ಬಾಗಿಲಿನ ಕಡೆಗೆ ಮಾತ್ರ ಒಂದು ಕಡಿಮೆ ಬಿತ್ತು. ಅದು ಅತ್ತೆಯ ಮೈಮೇಲಿತ್ತು, ಅವರು ಬಿಡಲಿಲ್ಲ.

ಆಮೇಲೆ ಬಲಗಿವಿಯಲ್ಲಿ ಬೆರಳಿಟ್ಟುಕೊಂಡು, ಎಡಗಿವಿಯನ್ನು ಗಂಡನ ಎದೆಯಿಂದ ಗೇಣು ದೂರದಲ್ಲಿ ಹಿಡಿದು, ಗಂಟಲಿಗೆ, ಭುಜಕ್ಕೆ, ಮತ್ತೆ ಎದೆಗೆ ಮೆಲ್ಲಗೆ ಸರಿಸುತ್ತಿದ್ದಾಗ ಅತ್ತೆ ದುರಗಮ್ಮ ಬಂದರು. ಅವರಿಗೆ ಕಣ್ಣು ಮಂದ, ಕಿವಿ ಬಹಳ ಚುರುಕು. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಿಯೇ, ಹೊರಗೆ ಕಟ್ಟೆಯ ಮೇಲೆ ಕೂತು, “ಅಂಚು ದಪ್ಪ ಆತು ನೋಡು” ಎನ್ನುವವರು.

“ಪರಮ್ಯಾ, ಎದಿಯಾಗ ಏನಾಗ್ಯದಪ? ದವಾಖಾನಿಗಿ ಹೋಗೂಣೇನು?”

“ಏನಿಲ್ಲವ್ವಾ, ಮೈಕಿಗಿ ಜಾಗ ಹುಡಕಾಕತ್ತಾಳ.”

“ನಿನ್ನ ಎದಿಮ್ಯಾಲ ಹುಡಕತಾಳೇನು?” ಎಂದವರೇ ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಹೋದರು.

ಜಾಗ ಸಿಕ್ಕಿತು. ‘ಬ’ ಒಡೆಯುವುದು ನಿಂತಿತು. ಸಿಗದೇ ಹೋದದ್ದು ನಿಶ್ಶಬ್ದ. ಬಲಗಡೆ ಸುಲ್ತಾನಸಾಬರ ಹಿಟ್ಟಿನ ಗಿರಣಿ. ಎಡಗಡೆ ಭಾಗಮ್ಮನವರ ಮನೆ. ಅಲ್ಲಿ ಅತ್ತೆ-ಸೊಸೆಯರ ಜಗಳ ಗಿರಣಿಗಿಂತ ಮೊದಲು ಶುರುವಾಗಿ ಗಿರಣಿಗಿಂತ ತಡವಾಗಿ ಮುಗಿಯುತ್ತಿತ್ತು. ನಮ್ಮವರು “ಬರ್ರೆವ್ವಾ ಬರ್ರಿ, ಬುಟ್ಟಿ ತರ್ರಿ” ಎಂದು ಎತ್ತಿಕೊಂಡರೆ, ಹಿಂದಿನಿಂದ “ನಿಮ್ಮವ್ವ ಕಲಿಸಿದ್ದು ಇಷ್ಟೇನು?” ಎಂದು ಭಾಗಮ್ಮನವರ ದನಿ ತಾಳಕ್ಕೆ ಸರಿಯಾಗಿ ಬಂದು ಬೀಳುತ್ತಿತ್ತು. ಕೆಟ್ಟುಹೋದ ರೆಕಾರ್ಡುಗಳನ್ನೂ ನಮ್ಮವರು ಅಳಿಸಲಿಲ್ಲ. ಗುಮಾಸ್ತರಲ್ಲವೇ, ಪ್ರತಿಯೊಂದಕ್ಕೂ ತಾರೀಖು, ಕೆಡಿಸಿದವರ ಹೆಸರು ಬರೆದು ಇಟ್ಟರು.

ಬುಧವಾರ ಭಾಗಮ್ಮನವರು ನಮ್ಮ ಹೊಸ್ತಿಲಲ್ಲಿ ನಿಂತರು.

“ರೇವತಿ, ನಿಮ್ಮ ಮನ್ಯಾಗ ಮೈಕ ಬಂದದಂತಲ್ಲವ್ವ? ಶುಕ್ರವಾರ ಮೊಮ್ಮಗನ್ನ ತೊಟ್ಟಿಲಕ್ಕ ಹಾಕೋದದ. ಒಂದಿನ ಕೊಡು, ಓಣಿಗೆಲ್ಲಾ ಕೇಳೂವಂಗ ಹಾಡು ಹಚ್ತೀವಿ.”

ನಾನು ಬಿ.ಎ.ದಲ್ಲಿ ಕನ್ನಡ ಓದಿದವಳು. ಪದಗಳನ್ನು ಅಳೆದು ತೂಗಿ ಆಡುವುದು ನನ್ನ ಸ್ವಭಾವ. ಅಷ್ಟು ಅಳೆದು ತೂಗಿ ಆಡಿದ ಈ ವಾಕ್ಯದಿಂದ ಆದಷ್ಟು ಅನಾಹುತ ಯಾವ ಬಾಯಿಬಡುಕಿಯಿಂದಲೂ ಆಗಿರಲಾರದು.

“ಅಕ್ಕಾರ, ಇದು ಮಾತಾಡೋ ಮೈಕ ಅಲ್ರಿ. ಕೇಳೋ ಮೈಕ.”

“ಕೇಳೋದಂದ್ರ?”

“ಸುಮ್ಮ ಕೂತು ಕೇಳ್ಕೋತದ್ರಿ. ಭಾಳ ಸೂಕ್ಷ್ಮ ಅದ. ನಿಮ್ಮ ಮನ್ಯಾಗ ಚಮಚ ಬಿದ್ರೂ ಇಲ್ಲಿ ದಾಖಲ ಆಗ್ತದ.”

ಭಾಗಮ್ಮನವರು ಕೌದಿ ಕಟ್ಟಿದ ಕಿಟಕಿಯನ್ನು ನೋಡಿದರು. “ದಾಖಲ ಆಗಿದ್ದನ್ನ ಯಾರು ಕೇಳ್ತಾರವ್ವ?”

“ಯಾದಗಿರಿಯಾಗ ಮ್ಯಾಲಿನ ಸಾಹೇಬ್ರು ಕೇಳ್ತಾರ್ರಿ. ಸೋಮವಾರ ಇವ್ರೇ ಒಯ್ದು ಕೊಡ್ತಾರ.”

ಭಾಗಮ್ಮನವರು ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ತುದಿಗಾಲಿನಲ್ಲಿ ಹೊರಟುಹೋದರು. ಪಾಪ, ಮೈಕು ಸಿಗಲಿಲ್ಲವೆಂದು ಬೇಜಾರಾಯಿತೇನೋ ಅಂದುಕೊಂಡೆ.

ಸಂಜೆಯ ಹೊತ್ತಿಗೆ ಗೋಡೆಯಾಚೆಯಿಂದ ಹನ್ನೊಂದು ವರ್ಷದಲ್ಲಿ ನಾನು ಕೇಳದ ಸಪ್ಪಳ ಬಂತು.

“ಸೊಸಿ! ನನ್ನ ಬಂಗಾರಾ! ಚಾ ಕುಡಿದ್ಯೇನವ್ವ?” ಭಾಗಮ್ಮನವರು ನಮ್ಮ ಕಿಟಕಿಗೆ ಮುಖ ಮಾಡಿಯೇ ಕೂಗಿರಬೇಕು, ಅಷ್ಟು ಸ್ಪಷ್ಟ.

“ಕುಡಿದೀನ್ರಿ ಅತ್ಯಾರ! ನೀವೇ ಮಾಡಿ ಕೊಟ್ರೆಲ್ಲ, ಹಡೆದವ್ವನಂಗ!”

ಅತ್ತೆ ನನ್ನನ್ನು ಕರೆದು ಪಿಸುಗುಟ್ಟಿದರು. “ಅವರ ಮನ್ಯಾಗ ಯಾರಿಗೋ ಜಡ್ಡಾಗ್ಯದ ನೋಡು.”

ಮರುದಿನ ಭಾಗಮ್ಮನವರ ಯಜಮಾನರು ನಾಗಣ್ಣ, ಓಣಿಯ ತುದಿಯ ಕಿರಾಣಿ ಅಂಗಡಿಯವರು, ನಾನು ಸಕ್ಕರೆ ಕೇಳಿದರೆ ತಕ್ಕಡಿಯನ್ನು ಬೀದಿಗೆ ತಂದು, “ಒಂದು ಕಿಲೋ ಅಂದ್ರ ಒಂದು ಕಿಲೋ ಮ್ಯಾಲ ಒಂದು ಹಿಡಿ! ನಾಗಣ್ಣನ ಅಂಗಡಿ!” ಎಂದು ನಮ್ಮ ಮನೆಯ ದಿಕ್ಕಿಗೆ ಸಾರಿದರು. ನಲ್ಲಿಯಲ್ಲಿ ನೀರು ಬಂದಾಗ ಹೆಂಗಸರು ಒಬ್ಬರ ಕೊಡ ಇನ್ನೊಬ್ಬರು ತುಂಬಿಕೊಟ್ಟರು. ಸುಲ್ತಾನಸಾಬರು ಬಂದು ಹಿಟ್ಟಿನ ಕೈ ಮುಗಿದು, “ತಾಯಿ, ನಿಮ್ಮ ಮೈಕ ಯಾವ ಟೈಮಿಗಿ ಎಚ್ಚರ ಇರ್ತದ ಹೇಳ್ರಿ. ಆ ಟೈಮಿಗಿ ಗಿರಣಿ ಬಂದ್ ಇಡ್ತೀನಿ. ಗಿರಾಕಿ ಜೋಡಿ ನಾ ಏನಾರ ಹಗರ ಮಾತಾಡಿದ್ರ ಅದು ಗಿರಣಿ ಸಪ್ಪಳ ಅಂತ ಬರೀರಿ” ಎಂದರು.

ಆಗ ನನಗೆ ತಿಳಿಯಿತು. ತಿಳಿದ ಕೂಡಲೇ ಮನೆಮನೆಗೆ ಹೋಗಿ ತಿದ್ದಬೇಕಿತ್ತು. ಹೋದೆ ಕೂಡ. “ಅದು ಬರೇ ಹಾಡಿಂದ್ರಿ” ಎಂದೆ. ಎಲ್ಲರೂ ಕಣ್ಣು ಮಿಟುಕಿಸಿ, “ಹೌದೌದವ್ವ, ಹಾಡಿಂದು” ಎಂದರು. ಇಬ್ಬರು ನನಗೆ ಬಲವಂತವಾಗಿ ಶೇಂಗಾ ಹೋಳಿಗೆ ಕಟ್ಟಿ ಕೊಟ್ಟರು.

ಶನಿವಾರ ಸಂಜೆ ಇನ್ಸ್‌ಪೆಕ್ಟರ್ ಅಂಬರೀಶ ಸಾಕ್ಷಾತ್ ಬಂದರು. ಕೈಯಲ್ಲಿ ಸಹಿಯಿಲ್ಲದ ಒಂದು ಅರ್ಜಿ: ‘ಗುಮಾಸ್ತ ಪರಮಣ್ಣ ಹಾಡಿನ ನೆಪದಲ್ಲಿ ಓಣಿಯ ಮಾತು ಕೇಳುವ ಯಂತ್ರ ಇಟ್ಟಿರುತ್ತಾನೆ.’ ಅಕ್ಷರ ಕಿರಾಣಿ ಚೀಟಿಯ ಅಕ್ಷರದಂತೆಯೇ ಇತ್ತು. ಓಣಿಯೆಲ್ಲ ದೂರದಲ್ಲಿ ಗುಂಪುಗೂಡಿತು. ನಾನು ಚಹಾ ಕೊಟ್ಟೆ.

“ಏನ್ರಿ ಪರಮಣ್ಣ, ಇದು ಏನೇನ್ ಕೇಳ್ತದ?”

ಮೈಕಿನ ಬಗ್ಗೆ ಯಾರಾದರೂ ಕೇಳಲೆಂದು ನಮ್ಮವರು ಮೂರು ವಾರದಿಂದ ಕಾದಿದ್ದರು. “ಎಲ್ಲಾ ಕೇಳ್ತದ್ರಿ ಸರ! ಉಸರು ಸೈತ ಬಿಡಂಗಿಲ್ಲ.”

“ಇದುವರೆಗೂ ಯಾರ್ಯಾರು… ಹಾಡ್ಯಾರ?”

“ಇಡೀ ಓಣಿ ಹಾಡ್ಯದ್ರಿ. ಭಾಗಮ್ಮಾರದು ಹನ್ನೊಂದವ. ಸುಲ್ತಾನಸಾಬರದು ನಾಕು.”

“ಇಟ್ಟೀರೇನು ಅವನ್ನ?”

“ತಾರೀಖ ಹಾಕಿ ಇಟ್ಟೀನ್ರಿ. ಸೋಮವಾರ ಆರಕ್ಕ ಕಡೀದು ಒಂದು ಮುಗಿಸಿ, ಯಾದಗಿರಿಗಿ ಒಯ್ತೀನಿ.”

ಅಂಬರೀಶ ಅವರು ಕಪ್ಪನ್ನು ಕೆಳಗಿಟ್ಟರು. ಎದ್ದು ಅಂಗಿ ಸರಿಮಾಡಿಕೊಂಡರು. ಜರಡಿಯ ಎದುರು ಬಗ್ಗಿ, ಗಂಟಲು ಸರಿಪಡಿಸಿಕೊಂಡು, ನಿಧಾನವಾಗಿ ಹೇಳಿದರು: “ನಾನು ಅಂಬರೀಶ. ಈ ಚಾ ನಾ ಕೇಳಿದ್ದಲ್ಲ, ಅವ್ರೇ ಕೊಟ್ಟಿದ್ದು. ಅರ್ಧ ಅಷ್ಟೇ ಕುಡಿದೀನಿ.”

“ಸರ, ಆನ್ ಇಲ್ರಿ ಅದು” ಎಂದರು ನಮ್ಮವರು.

“ಇರ್ಲಿ, ಇರ್ಲಿ” ಎಂದವರೇ ಹೊರಗೆ ಹೋಗಿ ಓಣಿಗೆ ಅಪ್ಪಣೆ ಮಾಡಿದರು. “ಸೋಮವಾರ ಮುಂಜಾನಿ ಆರರಿಂದ ಏಳರ ತನಕ ಒಬ್ಬರೂ ಪಿಟ್ ಅನಬಾರದು. ಕುಕ್ಕರ್ ಸೈತ!”

ಭಾನುವಾರ ನಾನು ನಡುಮನೆ ಗುಡಿಸಿದೆ. ಜರಡಿಯಿಂದ ಉದುರಿದ ಹಿಟ್ಟು ಮೈಕಿನ ಮೇಲೆಲ್ಲ ಕೂತಿತ್ತು. ಒಳ್ಳೆಯ ದಿನಕ್ಕೆ ಒಳ್ಳೆಯದಾಗಿರಲೆಂದು ಸೆರಗಿನಿಂದ ಸುತ್ತಲೂ ತಿರುಗಿಸಿ ತಿರುಗಿಸಿ ಒರೆಸಿಟ್ಟೆ.

ಸೋಮವಾರ ಬೆಳಗಿನ ಆರು ಗಂಟೆ. ಅಂಥ ಮೌನವನ್ನು ನಮ್ಮ ಓಣಿ ಕಂಡಿರಲಿಲ್ಲ. ನಾಗಣ್ಣ ನಾಯಿಗಳಿಗೆಲ್ಲ ಬಿಸ್ಕೀಟು ಹಾಕುತ್ತ ಕೆರೆಯ ಕಡೆಗೆ ಕರೆದೊಯ್ದಿದ್ದರು. ಗಿರಣಿಗೆ ಬೀಗ. ಫ್ಯಾನು, ಫ್ರಿಜ್ಜು ಆರಿಸಿದೆವು.

“ನೀ ರೊಟ್ಟಿ ಬಡಿ” ಎಂದರು ನಮ್ಮವರು. “ಬಸ್ಸಿಗಿ ಹೊತ್ತಾಗ್ತದ, ಬುತ್ತಿ ಬೇಕು. ಮೈಕಿನ ಬೆನ್ನು ನಿನ್ನ ಕಡಿಗದ. ಅದಕ್ಕ ನೀ ಕೇಳಂಗಿಲ್ಲ.”

ನಾನು ನಾದಿದ ಜೋಳದ ಹಿಟ್ಟಿನ ಮುಂದೆ ಕೂತೆ. ಅವರು ಶುರುಮಾಡಿದರು:

“ಬರ್ರೆವ್ವಾ ಬರ್ರಿ, ಬುಟ್ಟಿ ತರ್ರಿ,
ಹಸಿದೊಂದು ಬುಟ್ಟಿ, ಒಣದೊಂದು ಬುಟ್ಟಿ,
ಬಾಗಲಿಗಿ ಬಂದದ ಬಂಡಿ…”

ಮದುವೆಯಾದಂದಿನಿಂದ ನಮ್ಮವರ ಹಾಡು ಕೇಳಿದ್ದೇನೆ. ತಾಳ ಅವರಿಗೆ ಎಂದೂ ಒಲಿದದ್ದಿಲ್ಲ. ಎರಡನೇ ಸಾಲಿಗೆ ಗಿಟಾರು ಮುಂದೆ, ಇವರು ಹಿಂದೆ. ಆ ದಿನ ಮಾತ್ರ ಒಂದು ಕಡೆಯೂ ತಪ್ಪಲಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ ಒಂದರ ಹಿಂದೊಂದು ನಾಲ್ಕು ರೊಟ್ಟಿ ಬಡಿದೆ.

ಹಾಡು ಮುಗಿಸಿ ಅವರು ಹೆಡ್‌ಫೋನ್ ಹಾಕಿಕೊಂಡರು. ಮುಖ ಚಿಕ್ಕದಾಯಿತು. “ದನಿ ಯಾಕೋ ದೂರ ಆಗ್ಯದ. ಮತ್ತ ಹಿಂದ ಏನೋ ಧಪ್ ಧಪ್ ಅಂತದ.” ಮತ್ತೆ ಕೇಳಿದರು. ಮೆಲ್ಲಗೆ ಕೈ ಎದೆಯ ಮೇಲೆ ಹೋಯಿತು. ಕಣ್ಣು ದೊಡ್ಡವಾದವು. “ರೇವತಿ! ಇದು ನನ್ನ ಎದಿ ಬಡಿತ! ದಿಲ್ ನನ್ನ ಕಡಿಗಿತ್ತಲ್ಲ, ಮೈಕ ಹಿಡದುಬಿಟ್ಟದ!”

ನನ್ನ ಕೈ ಹಿಟ್ಟಾಗಿತ್ತು, ಬಸ್ಸಿಗೆ ಹೊತ್ತಾಗಿತ್ತು. ಕೇಳದೆಯೇ “ಹೌದ್ರಿ” ಎಂದು ಬುತ್ತಿ ಕಟ್ಟಿದೆ. ದಾರಿಯಲ್ಲಿ ನಮ್ಮವರು ಶಹಾಪುರದಲ್ಲಿಳಿದು, ಫೋನಿನಲ್ಲಿದ್ದ ಹಾಡನ್ನು ಆಸೀಫನಿಂದ ಪೆನ್‌ಡ್ರೈವಿಗೆ ಹಾಕಿಸಿಕೊಂಡರು. ಆಸೀಫ್ ನನಗೆ ಫೋನು ಮಾಡಿದ. “ಭಾಬಿ, ಅಣ್ಣನ ದಿಲ್ ಭಾಳ ತಾಳದಾಗ ಹೊಡಿತದ. ನಮ್ಮಂಥವರದು ಹಿಂಗ ಹೊಡಿಯಂಗಿಲ್ಲ.”

ಗುರುವಾರ ಯಾದಗಿರಿಯಿಂದ ಕಾಗದ ಬಂತು. ಬಂದಿದ್ದ ಮೂವತ್ತೆಂಟು ಹಾಡುಗಳಲ್ಲಿ ಆರಿಸಿದ್ದು ಒಂದೇ. ತೀರ್ಪುಗಾರರ ಷರಾ ನನಗೆ ಕಂಠಪಾಠವಾಗಿದೆ: ‘ದನಿಯು ಮುಂದಿನ ಓಣಿಯಿಂದ ಬರುತ್ತಿರುವಂತಿದೆ, ಕಸದ ಗಾಡಿಯೂ ಹಾಗೆಯೇ ಬರುತ್ತದೆ. ತಾಳ ಅಪೂರ್ವ, ನಮ್ಮ ನೆಲದ್ದು. ವಾದ್ಯ ಯಾವುದೆಂದು ತಿಳಿಯಲಿಲ್ಲ.’

ಕಚೇರಿಯ ಅಂಗಳದಲ್ಲಿ ಸನ್ಮಾನ ಇಟ್ಟರು. ಅದೇ ಶಾಮಿಯಾನ, ಅವೇ ಮುನ್ನೂರು ಮುಖಗಳು. ಅಂಬರೀಶ ಶಾಲು ಹೊದಿಸಿ, “ಎರಡು ಮಾತಾಡ್ರಿ” ಎಂದು ಮೈಕು ಕೈಗೆ ಕೊಟ್ಟರು. ನಮ್ಮವರು ಬಾಯಿ ತೆರೆದರು. ಮುಚ್ಚಿದರು. ಮತ್ತೆ ತೆರೆದರು. ದನಿಯಿಲ್ಲ. ನಾನು ಕುರ್ಚಿಯ ಹಿಡಿ ಬಿಗಿಹಿಡಿದು ಗುರುಮಠಕಲ್ಲಿನ ಹಲ್ಲಿಗಳನ್ನು ನೆನೆದೆ. ಮೈಕ್ ಸೆಟ್ಟಿನವನು ಆಗಲೇ ವೇದಿಕೆಯ ಕೆಳಗೆ ಬಗ್ಗಿದ್ದ.

ಅಷ್ಟರಲ್ಲಿ ಅಂಗಳದ ಅಂಚಿನಲ್ಲಿ, ಹಾರ ಹಾಕಿಸಿಕೊಂಡು ನಿಂತಿದ್ದ ಹೊಸ ಕಸದ ಗಾಡಿಯ ಡ್ರೈವರ್ ಗುಂಡಿ ಒತ್ತಿದ.

“ಬರ್ರೆವ್ವಾ ಬರ್ರಿ, ಬುಟ್ಟಿ ತರ್ರಿ…”

ತೆರೆದ ಬಾಯಿಗೆ ಸರಿಯಾಗಿ ದನಿ ಬಂತು. ಧಪ್ ಧಪ್ ಎಂಬ ತಾಳವೂ ಬಂತು. ಮುನ್ನೂರು ಜನ ಎದ್ದು ನಿಂತು ಆ ತಾಳಕ್ಕೆ ಚಪ್ಪಾಳೆ ಹಾಕಿದರು. ನಮ್ಮವರು ಬಾಯಿ ಮುಚ್ಚಿ, ಕೈಯನ್ನು ಎದೆಯ ಮೇಲಿಟ್ಟು, ತಲೆ ಬಾಗಿಸಿದರು. ಆ ದಿನದಿಂದ ಕಚೇರಿಯಲ್ಲಿ ಅವರು ‘ಹೃದಯದ ಪರಮಣ್ಣ’. ತಾಳ ಎದೆಬಡಿತದ್ದೆಂದು ನಮ್ಮವರಿಂದ ಕೇಳಿದ ಅಂಬರೀಶ ತಾವೂ ಆಗಾಗ ಎದೆ ಮುಟ್ಟಿ ನೋಡಿಕೊಳ್ಳುತ್ತಿದ್ದರಂತೆ.

ಮರುದಿನ ಮುಂಜಾನೆ ಆರೂವರೆಗೆ ಗಾಡಿ ನಮ್ಮ ಓಣಿಗೆ ಬಂತು. ಓಣಿಯೆಲ್ಲ ಬುಟ್ಟಿ ಹಿಡಿದು ನಿಂತಿತ್ತು. ಕಸವಿಲ್ಲದವರೂ ಖಾಲಿ ಬುಟ್ಟಿ ತಂದಿದ್ದರು. ನಾಗಣ್ಣ ಎಲ್ಲರಿಗೂ ಪೇಢೆ ಹಂಚಿದರು.

“ಕೇಳ್ರವ್ವಾ, ನಮ್ಮ ಪರಮಣ್ಣನ ಎದಿ ಬಡಿತ!” ಎಂದು ಭಾಗಮ್ಮನವರು ಕಣ್ಣೊರೆಸಿಕೊಂಡರು. “ಬಂಗಾರಾ, ನೀನೂ ಕೇಳು!” ಇದನ್ನು ಸೊಸೆಗೆ. ಮೈಕು ಬಂದ್ ಮಾಡಿ ಎಷ್ಟೋ ದಿನವಾದರೂ ‘ಬಂಗಾರ’ ನಿಂತಿರಲಿಲ್ಲ.

ಕಟ್ಟೆಯ ಮೇಲೆ ಕೂತಿದ್ದ ನನ್ನ ಅತ್ತೆ ತಲೆ ಓರೆ ಮಾಡಿ, ಹಾಡನ್ನು ಕೊನೆಯತನಕ ಕೇಳಿದರು. ಆಮೇಲೆ ನನ್ನನ್ನು ಹತ್ತಿರ ಕರೆದರು.

“ರೇವತಿ, ಮೂರನೇದು ಭಾಳ ಚಂದ ತೆಳ್ಳಗ ಬಂದದ” ಎಂದರು. “ನಾಕನೇದರ ಅಂಚು ಹರದದ ನೋಡು.”

ನಾನು ಒಳಗೆ ಓಡಿದೆ. ನಡುಮನೆಯಲ್ಲಿ ಮೈಕು ಸೋಮವಾರ ಇದ್ದ ಹಾಗೆಯೇ ಇತ್ತು. ಬಗ್ಗಿ ನೋಡಿದೆ. ಹೃದಯದ ಗುರುತು ನಮ್ಮವರ ಕುರ್ಚಿಯ ಕಡೆಗಿರಲಿಲ್ಲ. ಭಾನುವಾರ ನಾನು ಒರೆಸಿಟ್ಟ ಹಾಗೆ, ನೆಟ್ಟಗೆ ನನ್ನ ಅಡುಗೆಮನೆಯನ್ನು ನೋಡುತ್ತಿತ್ತು. ಇಡೀ ಹಾಡಿಗೆ ಅವರು ಅದರ ಬೆನ್ನಿಗೆ ಹಾಡಿದ್ದರು.

ಹೊರಗೆ ನಮ್ಮವರು ಯಾರಿಗೋ ವಿವರ ಹೇಳುತ್ತಿದ್ದರು: “ಮೈಕಿಡೋದ್ರಾಗೇ ಅದರಿ ಎಲ್ಲಾ ಟೆಕ್ನಿಕ್!” ಆಮೇಲೆ ಒಳಗೆ ಬಂದು ಕೇಳಿದರು. “ಅವ್ವ ಏನಂದಳು?”

ಬಾಗಿಲ ಬಳಿ ಅತ್ತೆ ನಿಂತಿದ್ದರು. ಮಂದ ಕಣ್ಣಿನಿಂದ ನನ್ನನ್ನು ನೋಡಿ, ಒಂದು ಬೆರಳನ್ನು ತುಟಿಯ ಮೇಲಿಟ್ಟರು.

“ಏನಿಲ್ರಿ. ತಾಳ ಚಂದ ಅದ ಅಂದ್ರು.”

ಅವರು ಶಾಲು ಸರಿಮಾಡಿಕೊಂಡು ಮತ್ತೆ ಹೊರಗೆ ಹೋದರು. ನಾನು ಮೈಕನ್ನು ಮೆಲ್ಲಗೆ ತಿರುಗಿಸಿ, ಹೃದಯವನ್ನು ಅವರ ಕುರ್ಚಿಯ ಕಡೆಗೆ ಇಟ್ಟೆ. ಗಿಟಾರಿನ ಚೀಲದಿಂದ ವರ್ಗಾವಣೆಯ ಅರ್ಜಿ ತೆಗೆದು ರೊಟ್ಟಿ ಬುಟ್ಟಿಯ ತಳಕ್ಕೆ ಹಾಸಿದೆ. ಮೂರು ಊರಿಗೆ ದಿನಾ ಮುಂಜಾನೆ ಕೇಳಿಸುವ ಗುಟ್ಟನ್ನು ಯಾರಿಗೂ ಹೇಳಬಾರದೆಂದು ತೀರ್ಮಾನಿಸಿ, ಹಿಟ್ಟು ನಾದಲು ಕೂತೆ.